ಹಳಕಾರ: ಊರೇ ಕಾದ ಕಾಡು

ಭಟ್ಕಳದ ಜಾಲಿಯಿಂದ ಹೊನ್ನಾವರ ದಾಟಿ ಕುಮಟಾದತ್ತ ಸಾಗುವವರಿಗೆ ಒಂದೆಡೆ ಸಮುದ್ರ, ಇನ್ನೊಂದೆಡೆ ಗುಡ್ಡಗಳು ಜೊತೆಯಾಗುತ್ತವೆ. ಊರಿಗೆ ಹತ್ತಿರದ ಎಷ್ಟೋ ಗುಡ್ಡಗಳು ಬೋಳಾಗಿವೆ. ಆದರೆ ಕುಮಟಾ ತಾಲೂಕಿನ ಹಳಕಾರದ ಕಾಡಿನ ಕಥೆ ಬೇರೆ. ಅದನ್ನು ಬೆಳೆಸಿ ಕಾದವರು ಊರಿನವರೇ.

ಕರಾವಳಿಯ ರೈತನಿಗೆ ಗುಡ್ಡವೆಂದರೆ ಹಿತ್ತಲ ತೋಟದ ಮುಂದುವರಿಕೆ. ಕೊಟ್ಟಿಗೆಗೆ ಹಾಸುವ ಸೊಪ್ಪು, ಒಲೆಗೆ ಕಟ್ಟಿಗೆ, ಬೇಲಿಗೆ ಗೂಟ, ದನಗಳಿಗೆ ಮೇವು ಎಲ್ಲವೂ ಅಲ್ಲಿಂದಲೇ ಬರಬೇಕು. ಸೊಪ್ಪು ಸಗಣಿಯೊಡನೆ ಕೊಳೆತು ಗೊಬ್ಬರವಾದರೆ ಮಾತ್ರ ಗದ್ದೆ ತುಂಬುತ್ತಿತ್ತು.

1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆಯ ನಂತರ ಕಾಡಿನ ಬಹುಭಾಗ ಸರ್ಕಾರದ ಹಿಡಿತಕ್ಕೆ ಹೋಯಿತು. ಹಿಂದಿನಿಂದ ಬಂದ ಬಳಕೆ ಅಪರಾಧವೆನಿಸಿತು. ಜನರಿಗೆಂದು ಬಿಟ್ಟ ಕಾಡಿಗೆ ಹೇಳುವವರು ಕೇಳುವವರು ಇಲ್ಲದೆ ಅದು ಸವೆಯತೊಡಗಿತು. ಜನರ ಅಸಮಾಧಾನ ಹೆಚ್ಚಿದಾಗ, 1920ರ ದಶಕದ ಆರಂಭದಲ್ಲಿ ಬ್ರಿಟಿಷ್ ಅಧಿಕಾರಿ ಕಾಲಿನ್ಸ್ ಕರಾವಳಿಯ ಅರಣ್ಯ ವ್ಯವಸ್ಥೆಯ ಕುರಿತು ವಿಚಾರಣೆ ನಡೆಸಿದರು. ಅದೇ ದಶಕದಲ್ಲಿ ಹಳಕಾರ, ಚಿತ್ರಗಿ, ಕಲ್ಲಬ್ಬೆ ಮೊದಲಾದೆಡೆ ಗ್ರಾಮ ಅರಣ್ಯ ಪಂಚಾಯತಿಗಳು ಹುಟ್ಟಿದವು.

ಇವುಗಳ ಕ್ರಮ ಸರಳವಾಗಿತ್ತು. ಊರಿನವರೇ ಪಂಚರು. ಕಾಡಿಗೆ ಕಾವಲುಗಾರನನ್ನು ನೇಮಿಸುವುದು, ಯಾರು ಏನನ್ನು ಎಷ್ಟು ತರಬಹುದೆಂದು ಗೊತ್ತುಮಾಡುವುದು, ತಪ್ಪಿದವರಿಗೆ ದಂಡ ಹಾಕುವುದು ಪಂಚಾಯತಿಯ ಕೆಲಸ. ದಂಡ ಹಾಕುವವನೂ ತೆರುವವನೂ ಒಂದೇ ಕೇರಿಯವರಾದ್ದರಿಂದ ಕಳ್ಳತನ ಮುಚ್ಚಿಡುವುದು ಸುಲಭವಿರಲಿಲ್ಲ.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ಹೊಸ ಅರಣ್ಯ ಕಾಯ್ದೆ ಬಂತು. 1979ರಲ್ಲಿ ಸರ್ಕಾರ ಈ ಪಂಚಾಯತಿಗಳನ್ನು ರದ್ದುಪಡಿಸಲು ಹೊರಟಿತು. ಅರ್ಧ ಶತಮಾನ ಕಾದ ಕಾಡು ಕೈತಪ್ಪುವುದನ್ನು ಹಳಕಾರದವರು ಒಪ್ಪಲಿಲ್ಲ. ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ತಮ್ಮ ಬರಹಗಳಲ್ಲಿ ಈ ಊರುಗಳ ಅನುಭವವನ್ನು ಉದಾಹರಿಸಿದ್ದಾರೆ.

ಮುಂದೆ ಸರ್ಕಾರಗಳೂ ಇದೇ ದಾರಿಗೆ ಬಂದದ್ದು ಇತಿಹಾಸದ ವ್ಯಂಗ್ಯ. 1990ರಲ್ಲಿ ಕೇಂದ್ರ ಸರ್ಕಾರ ಜನರ ಸಹಭಾಗಿತ್ವದ ಅರಣ್ಯ ಯೋಜನೆಗೆ ಸುತ್ತೋಲೆ ಹೊರಡಿಸಿತು. ಕರ್ನಾಟಕ 1993ರಲ್ಲಿ ಅದನ್ನು ಅನುಸರಿಸಿತು. ಊರೂರಲ್ಲಿ ಗ್ರಾಮ ಅರಣ್ಯ ಸಮಿತಿಗಳಾದವು. ಆದರೆ ಇವುಗಳಲ್ಲಿ ಇಲಾಖೆಯೇ ಪಾಲುದಾರ. ಹಳಕಾರದಲ್ಲಿ ನಿರ್ಧಾರ ಊರಿನದೇ ಆಗಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಅರ್ಹ ಸಮುದಾಯಗಳಿಗೆ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕನ್ನು ಮಾನ್ಯ ಮಾಡಿತು.

ಈಗ ಅಡಿಗೆಮನೆಗೆ ಗ್ಯಾಸ್, ಗದ್ದೆಗೆ ಚೀಲದ ಗೊಬ್ಬರ ಬಂದಿವೆ. ಗುಡ್ಡದ ಹಂಗು ಕಡಿಮೆಯಾದಂತೆ ಅದನ್ನು ಕಾಯುವ ಹುರುಪೂ ತಗ್ಗುವ ಅಪಾಯವಿದೆ. ಸೊಪ್ಪು ಬೇಡವಾದರೂ ಬಾವಿಗೆ ನೀರು ಬೇಕಲ್ಲವೇ? ಮಳೆಗಾಲದ ನೀರನ್ನು ಹಿಡಿದಿಡಲು ಇಂದಿಗೂ ಗುಡ್ಡದ ಮೇಲೆ ಮರಗಳು ಇರಲೇಬೇಕು.