ಕರಗಿತು, ಹೋಗಲಿಲ್ಲ

ಕನ್ನಡದಲ್ಲಿ ಬೆಣ್ಣೆಯೂ ಕರಗುತ್ತದೆ, ಉಪ್ಪೂ ಕರಗುತ್ತದೆ. ಉಂಡದ್ದು ಕರಗುತ್ತದೆ, ಮೋಡ ಕರಗುತ್ತದೆ, ಅಜ್ಜ ಮಾಡಿಟ್ಟ ಆಸ್ತಿ ಕರಗುತ್ತದೆ, ಗಟ್ಟಿ ಮನಸ್ಸೂ ಒಮ್ಮೊಮ್ಮೆ ಕರಗುತ್ತದೆ. ಒಂದೇ ಕ್ರಿಯಾಪದದ ಮೇಲೆ ಇಷ್ಟು ಹೊರೆ ಹಾಕಿದರೆ ವಿಜ್ಞಾನದ ಪಾಠದಲ್ಲಿ ಗೊಂದಲವಾಗುವುದಿಲ್ಲವೇ? ಆಗಬೇಕಾಗಿಲ್ಲ ಎಂದು ನನ್ನ ನಂಬಿಕೆ. ಬೆಣ್ಣೆ ಬಿಸಿಗೆ ಕರಗುತ್ತದೆ, ಉಪ್ಪು ನೀರಿನಲ್ಲಿ ಕರಗುತ್ತದೆ. ಕ್ರಿಯಾಪದ ಮಾಡದ ವ್ಯತ್ಯಾಸವನ್ನು ವಿಭಕ್ತಿ ಮಾಡುತ್ತದೆ. ಬಿಸಿಯೊಂದರಿಂದಲೇ ಉಪ್ಪನ್ನು ಕರಗಿಸಹೊರಟರೆ 801 ಡಿಗ್ರಿ ಸೆಲ್ಸಿಯಸ್ ಬೇಕು. ನೀರಿದ್ದರೆ ಒಂದು ಲೋಟ ಸಾಕು. ‘ಯಾವುದಕ್ಕೆ ಕರಗಿತು? ಯಾವುದರಲ್ಲಿ ಕರಗಿತು?’ ಎಂದು ಟೀಚರ್ ಎರಡು ಪ್ರಶ್ನೆ ಕೇಳಿದರೆ ಮಗು ತನ್ನ ಮಾತಿನೊಳಗೇ ಇದ್ದ ವಿಜ್ಞಾನವನ್ನು ಹೆಕ್ಕಿಕೊಳ್ಳುತ್ತದೆ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡುವ ಕುಂಬಳೆ, ಬದಿಯಡ್ಕದ ಮಗು ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ ಕೇಳಿಯೇ ಬೆಳೆಯುತ್ತದೆ. ಆ ಭಾಷೆಯಲ್ಲಿ ಎರಡಕ್ಕೂ ಬೇರೆಬೇರೆ ಕ್ರಿಯಾಪದ: ನೀರಿನಲ್ಲಿ ಕರಗುವ ಉಪ್ಪಿಗೆ ‘ಅಲಿಯುಕ’, ಬಿಸಿಗೆ ಕರಗುವ ಮೇಣಕ್ಕೆ ‘ಉರುಕುಕ’.

ತೊಡಕಿರುವುದು ‘ಕರಗು’ವಿನಲ್ಲಲ್ಲ, ಅದರ ಬೆನ್ನಿಗೇ ಬರುವ ‘ಹೋಗು’ವಿನಲ್ಲಿ. ‘ಸಕ್ಕರೆ ಕರಗಿಹೋಯಿತು’ ಎಂದಾಕ್ಷಣ ಸಕ್ಕರೆ ಇಲ್ಲವಾಯಿತು ಎಂದೇ ಮಗುವಿಗೆ ಕೇಳಿಸಬಹುದು. ಇದು ಕನ್ನಡದ ಮಕ್ಕಳಿಗಷ್ಟೇ ಸೇರಿದ ಮಾತಲ್ಲ. ಮನೋವಿಜ್ಞಾನಿಗಳಾದ ಪಿಯಾಜೆ ಮತ್ತು ಇನ್ಹೆಲ್ಡರ್ 1941ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಸಕ್ಕರೆ ಕರಗಿದ ಮೇಲೆ ಏನೂ ಉಳಿದಿಲ್ಲವೆಂದು ಪುಟ್ಟ ಮಕ್ಕಳು ಹೇಳಿದ್ದರು. ಅದಕ್ಕೆ ತಕ್ಕಡಿಗಿಂತ ಒಳ್ಳೆಯ ಉತ್ತರವಿಲ್ಲ. 100 ಗ್ರಾಂ ನೀರಿಗೆ 10 ಗ್ರಾಂ ಸಕ್ಕರೆ ಹಾಕಿ, ಕಲಕಿ, ತೂಗಿದರೆ 110 ಗ್ರಾಂ. ನಾಲಿಗೆ ಸಿಹಿ ಎನ್ನುತ್ತದೆ, ತಕ್ಕಡಿ ಎಷ್ಟು ಎಂಬುದನ್ನೂ ಹೇಳುತ್ತದೆ.

ಕರಗುವುದಕ್ಕೆ ಪುಸ್ತಕದ ಭಾಷೆಯಲ್ಲಿ ‘ವಿಲೀನ’ ಎಂಬ ಪದವೂ ಇದೆ. ಈ ಜಿಲ್ಲೆಯಲ್ಲಿ ಅದರ ತೂಕವೇ ಬೇರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ನೆಲ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿಯಾಗಲಿಲ್ಲ. ಇಲ್ಲಿನ ಹಿರಿಯರ ಬಾಯಲ್ಲಿ ವಿಲೀನವೆಂದರೆ ಕರ್ನಾಟಕಕ್ಕೆ ಸೇರಬೇಕೆಂಬ ಹೋರಾಟ, ಅದು ಕೈಗೂಡದ ನೋವು. ನಾಲ್ಕನೇ ತರಗತಿಯ ಲೋಟದೊಳಗೆ ಆ ಪದವನ್ನು ತರುವ ಅವಸರ ಬೇಡ. ‘ಕರಗು’ ಇರುವಾಗ ಅದರ ಅಗತ್ಯವೂ ಇಲ್ಲ.

‘ವಿಲೀನ’ಕ್ಕಿಂತ ಬೇಗ ಕಲಿಸಬೇಕಾದ ಪದ ‘ಕದಡು’. ಕೊಳೆರೋಗಕ್ಕೆ ಅಡಿಕೆ ಮರಗಳಿಗೆ ಬಿಡುವ ಬೋರ್ಡೋ ಮದ್ದನ್ನು ಇಲ್ಲಿನ ಎಷ್ಟೋ ಮಕ್ಕಳು ಕಂಡಿದ್ದಾರೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ನೀರಿಗೆ ಹಾಕಿ ಆಮೇಲೆ ಕೂಡಿಸುತ್ತಾರೆ. ತುತ್ತು ಪೂರ್ತಿ ಕರಗುತ್ತದೆ, ನೀರು ಕಡುನೀಲಿಯಾದರೂ ತಿಳಿಯಾಗಿಯೇ ಇರುತ್ತದೆ. ಸುಣ್ಣ ಹಾಗಲ್ಲ. ಒಂದು ಲೀಟರ್ ನೀರಿನಲ್ಲಿ ಕರಗುವುದು ಎರಡು ಗ್ರಾಮಿಗೂ ಕಡಿಮೆ, ಉಳಿದದ್ದು ಬರೀ ಕದಡಿರುತ್ತದೆ. ಮೈಲುತುತ್ತು ವಿಷ, ಮಕ್ಕಳ ಕೈಗೆ ಕೊಡಬಾರದು. ಟೀಚರೇ ಎರಡು ಗಾಜಿನ ಭರಣಿಗಳಲ್ಲಿ ತುತ್ತಿನ ನೀರನ್ನೂ ಸುಣ್ಣದ ನೀರನ್ನೂ ಮಾಡಿ, ಮುಚ್ಚಳ ಬಿಗಿದು, ಮರುದಿನದವರೆಗೆ ಮೇಜಿನ ಮೇಲಿಡಲಿ. ಯಾವುದರ ತಳದಲ್ಲಿ ಗಷ್ಟು ಕೂತಿದೆ, ಯಾವುದರಲ್ಲಿ ಇಲ್ಲ ಎಂದು ಮಕ್ಕಳೇ ನೋಡಿ ಬರೆಯಲಿ, ತಮಗೆ ಬಂದ ಭಾಷೆಯಲ್ಲಿ.