ಬೌಂಡರಿ ಗೆರೆಯ ಆಚೆಗಿನ ನಾಯಕ

ನಮ್ಮ ಕ್ರಿಕೆಟ್ಟಿಗೆ ಹಣ ಹರಿದುಬಂದ ಬಗೆಯೂ ಇತಿಹಾಸದ ಪಾಠವೇ. 1993ರ ಹೀರೋ ಕಪ್ ಪಂದ್ಯಗಳನ್ನು ಪ್ರಸಾರ ಮಾಡಬೇಕಾದರೆ ಸಂಘಟಕರೇ ಪಂದ್ಯಕ್ಕೆ 5 ಲಕ್ಷ ರೂಪಾಯಿ ತೆರಬೇಕೆಂದು ದೂರದರ್ಶನ ಕೇಳಿತ್ತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತೆಂದು 1995ರ ಫೆಬ್ರವರಿಯಲ್ಲಿ ತೀರ್ಪಾಯಿತು.

ಈ ಆಟಕ್ಕಿರುವ ಬೆಲೆಯನ್ನು ಆ ದಿನಗಳಲ್ಲೇ ಗುರುತಿಸಿದವರು ಮಾರ್ಕ್ ಮಸ್ಕರೇನಸ್. ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು. ಅವರ ವರ್ಲ್ಡ್‌ಟೆಲ್ ಸಂಸ್ಥೆ 1996ರ ವಿಶ್ವಕಪ್ಪಿನ ದೂರದರ್ಶನ ಪ್ರಸಾರದ ಹಕ್ಕುಗಳನ್ನು ಕೊಂಡಿತು. 1995ರಲ್ಲಿ, 22 ವರ್ಷದ ಸಚಿನ್ ತೆಂಡೂಲ್ಕರ್ ಜೊತೆ ಐದು ವರ್ಷಗಳ ಒಪ್ಪಂದವನ್ನೂ ಮಾಡಿಕೊಂಡಿತು. ಜಾಹೀರಾತುಗಳು ಬರಲಿ, ಬಿಡಲಿ, ಆಟಗಾರನಿಗೆ ಕೋಟಿಗಟ್ಟಲೆ ರೂಪಾಯಿ ಖಚಿತ. ನಷ್ಟವಾದರೆ ಅದು ಸಂಸ್ಥೆಯದು. ಮಾತುಗಾರಿಕೆಗಿಂತ ಹೀಗೆ ಹೊಣೆ ಹೊರುವ ಧೈರ್ಯವನ್ನೇ ನಾನು ನಾಯಕತ್ವವೆಂದು ಕರೆಯುತ್ತೇನೆ.

2002ರ ಜನವರಿಯಲ್ಲಿ, ನಾಗಪುರದ ಸಮೀಪ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. 2008ರಲ್ಲಿ ಐಪಿಎಲ್ ಆಟಗಾರರನ್ನೇ ಹರಾಜಿಗಿಟ್ಟಿತು. ಬೆಲೆ ಕಟ್ಟುವ ವಿದ್ಯೆ ಆಟಗಾರನ ಬಡತನವನ್ನು ನೀಗಿತು, ನಿಜ. ಆಟವನ್ನು ಸರಕಾಗಿಸುವ ಶಕ್ತಿಯೂ ಅದಕ್ಕೇ ಇದೆ. ಕ್ರೀಡಾ ಮಾರುಕಟ್ಟೆಯ ವೃತ್ತಿಗೆ ಹೊರಟಿರುವ ನನ್ನ ವಿದ್ಯಾರ್ಥಿಗಳು ಇವೆರಡನ್ನೂ ನೆನಪಿನಲ್ಲಿಡಲಿ ಎಂಬುದೇ ನನ್ನ ಹಾರೈಕೆ.