ಶಾಲಾ ಶಿಕ್ಷಣ ಇಲಾಖೆಯ ಬೋಧಕೇತರ ಸಿಬ್ಬಂದಿ: ಅರ್ಹತೆ ಆಧಾರಿತ ನೇಮಕಾತಿ ಮತ್ತು ಮೇಲ್ವಿಚಾರಣೆ

(ಸಾರ್ವಜನಿಕರ ಹಾಗೂ ಅಭ್ಯರ್ಥಿಗಳ ಮಾಹಿತಿಗಾಗಿ)

1. ಪೀಠಿಕೆ

ಸರ್ಕಾರಿ ಪ್ರೌಢಶಾಲೆಗಳು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗಳು ಹಾಗೂ ಉಪನಿರ್ದೇಶಕರ ಕಚೇರಿಗಳಲ್ಲಿ ಪ್ರಥಮ ದರ್ಜೆ ಸಹಾಯಕರು, ದ್ವಿತೀಯ ದರ್ಜೆ ಸಹಾಯಕರು, ಬೆರಳಚ್ಚುಗಾರರು ಮತ್ತು ಗ್ರೂಪ್ 'ಡಿ' ನೌಕರರು ಕಾರ್ಯನಿರ್ವಹಿಸುತ್ತಾರೆ. ವರ್ಗಾವಣೆ ಪತ್ರ, ವೇತನ ಬಿಲ್ಲು, ವಿದ್ಯಾರ್ಥಿವೇತನದ ಕಡತ ಮುಂತಾದವು ಇವರ ಮೂಲಕವೇ ಸಾಗುವುದರಿಂದ, ಇವರ ಆಯ್ಕೆಯು ನ್ಯಾಯಯುತವಾಗಿರುವುದು ಪ್ರತಿಯೊಬ್ಬ ಪೋಷಕರಿಗೂ ಸಂಬಂಧಿಸಿದ ವಿಷಯವಾಗಿದೆ. ಸಾರ್ವಜನಿಕ ಉದ್ಯೋಗದಲ್ಲಿ ಸಮಾನ ಅವಕಾಶವನ್ನು ಸಂವಿಧಾನದ 16ನೇ ಅನುಚ್ಛೇದವು ಖಾತರಿಪಡಿಸಿದೆ.

2. ಆಯ್ಕೆಯ ವಿಧಾನ

ಲಿಪಿಕ ವೃಂದದ ಹುದ್ದೆಗಳ ನೇರ ನೇಮಕಾತಿಯನ್ನು 1978ರ ನೇಮಕಾತಿ ನಿಯಮಗಳನ್ವಯ, ಕರ್ನಾಟಕ ಲೋಕ ಸೇವಾ ಆಯೋಗ ಅಥವಾ ಸರ್ಕಾರವು ಗೊತ್ತುಪಡಿಸಿದ ಪ್ರಾಧಿಕಾರವು ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ನಡೆಸುತ್ತದೆ.

ಅ) ಪ್ರಥಮ ದರ್ಜೆ ಸಹಾಯಕ ಹುದ್ದೆಗೆ ಪದವಿ, ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಪದವಿಪೂರ್ವ ಶಿಕ್ಷಣ ಅಥವಾ ತತ್ಸಮಾನ ವಿದ್ಯಾರ್ಹತೆ ಅಗತ್ಯ.
ಆ) ಲಿಖಿತ ಪರೀಕ್ಷೆಯ ಅಂಕಗಳು ಮತ್ತು ಮೀಸಲಾತಿಯನ್ನು ಆಧರಿಸಿ ಆಯ್ಕೆ ಪಟ್ಟಿ ಸಿದ್ಧವಾಗುತ್ತದೆ. ಈ ಎರಡು ಹುದ್ದೆಗಳಿಗೆ ಸಂದರ್ಶನವಿರುವುದಿಲ್ಲ.
ಇ) 371(ಜೆ) ಅನುಚ್ಛೇದದನ್ವಯ ಹೊರಡಿಸಲಾದ 2013ರ ಆದೇಶದಂತೆ, ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಸ್ಥಳೀಯ ವೃಂದದಲ್ಲಿ ಗ್ರೂಪ್ 'ಸಿ' ಹುದ್ದೆಗಳ ಶೇ. 80 ಹಾಗೂ ಗ್ರೂಪ್ 'ಡಿ' ಹುದ್ದೆಗಳ ಶೇ. 85ರಷ್ಟನ್ನು ಸ್ಥಳೀಯ ವ್ಯಕ್ತಿಗಳಿಗೆ ಮೀಸಲಿಡಲಾಗಿದೆ.
ಈ) ಸೇವೆಯಲ್ಲಿರುವಾಗ ಮೃತಪಟ್ಟ ನೌಕರರ ಅವಲಂಬಿತರಿಗೆ 1996ರ ನಿಯಮಗಳಡಿ ಅನುಕಂಪದ ನೇಮಕಾತಿಗೆ ಅವಕಾಶವಿದೆ. ಮರಣದ ದಿನಾಂಕದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸತಕ್ಕದ್ದು. ದುಃಖದ ದಿನಗಳಲ್ಲಿ ಈ ಗಡುವು ಮೀರಿಹೋಗುವ ಸಂಭವವಿರುವುದರಿಂದ, ಕುಟುಂಬದವರು ಸಂಬಂಧಪಟ್ಟ ಕಚೇರಿಯನ್ನು ಬೇಗನೆ ಸಂಪರ್ಕಿಸುವುದು ಸೂಕ್ತ.

3. ತಾತ್ಕಾಲಿಕ ಕೆಲಸವು ಕಾಯಂ ನೇಮಕಾತಿಯಲ್ಲ

ಹೊರಗುತ್ತಿಗೆಯ ನೌಕರರಾಗಲಿ, ಗೌರವಧನ ಪಡೆಯುವ ಅಕ್ಷರ ದಾಸೋಹದ ಅಡುಗೆ ಸಿಬ್ಬಂದಿಯಾಗಲಿ ಮೇಲ್ಕಂಡ ನೇಮಕಾತಿಯ ವ್ಯಾಪ್ತಿಗೆ ಬರುವುದಿಲ್ಲ. ಕರ್ನಾಟಕ ರಾಜ್ಯ ಮತ್ತು ಉಮಾದೇವಿ ಪ್ರಕರಣದಲ್ಲಿ (2006) ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ನಿಯಮಬದ್ಧ ಸ್ಪರ್ಧೆಯಿಲ್ಲದೆ ಕೆಲಸಕ್ಕೆ ಬಂದವರು ಕಾಯಂಗೊಳಿಸುವಂತೆ ಹಕ್ಕಿನಿಂದ ಕೇಳಲಾಗದೆಂದು ತೀರ್ಪಿತ್ತಿತು. ಮಂಜೂರಾದ ಹುದ್ದೆಯಲ್ಲಿ ನ್ಯಾಯಾಲಯದ ಆದೇಶದ ರಕ್ಷಣೆಯಿಲ್ಲದೆ ಹತ್ತು ವರ್ಷ ದುಡಿದ ಅರ್ಹರಿಗೆ ಮಾತ್ರ ಒಂದು ಬಾರಿಯ ವಿನಾಯಿತಿಯನ್ನು ಸೂಚಿಸಿತು. ಆದುದರಿಂದ "ಈಗ ಸೇರಿಕೊಳ್ಳಿ, ಮುಂದೆ ಕಾಯಂ ಆಗುತ್ತದೆ" ಎಂಬ ಭರವಸೆಯನ್ನು ನಂಬಿ ಹಣ ನೀಡಬಾರದು.

4. ಸೇವೆಯ ಮೇಲ್ವಿಚಾರಣೆ

ನೇಮಕಗೊಂಡವರು 1977ರ ನಿಯಮಗಳನ್ವಯ ಸಾಮಾನ್ಯವಾಗಿ ಎರಡು ವರ್ಷಗಳ ಪರೀಕ್ಷಾರ್ಥ ಅವಧಿಯನ್ನು ತೃಪ್ತಿಕರವಾಗಿ ಪೂರೈಸತಕ್ಕದ್ದು. ನಡತೆಗೆ 2021ರ ನಡತೆ ನಿಯಮಗಳೂ, ಶಿಸ್ತುಕ್ರಮಕ್ಕೆ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳೂ ಅನ್ವಯಿಸುತ್ತವೆ. ಆರೋಪವನ್ನು ಲಿಖಿತವಾಗಿ ತಿಳಿಸಿ ವಿಚಾರಣೆ ನಡೆಸದೆ ಸಾಮಾನ್ಯವಾಗಿ ನೌಕರರನ್ನು ವಜಾಗೊಳಿಸುವಂತಿಲ್ಲ. ಹೀಗಾಗಿ ದೂರು ನೀಡುವವರು ದಿನಾಂಕ, ಕಡತದ ವಿವರ ಹಾಗೂ ದಾಖಲೆಗಳ ಪ್ರತಿಗಳನ್ನು ಲಗತ್ತಿಸಿದಲ್ಲಿ ಕ್ರಮ ಕೈಗೊಳ್ಳಲು ಅನುಕೂಲವಾಗುತ್ತದೆ.

5. ಅಕ್ರಮಗಳ ಬಗ್ಗೆ ಎಚ್ಚರಿಕೆ

2021ರ ಜನವರಿ 24ರಂದು ನಡೆಯಬೇಕಿದ್ದ ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಯು ಪ್ರಶ್ನೆಪತ್ರಿಕೆ ಸೋರಿಕೆಯಿಂದಾಗಿ ಮುಂದೂಡಲ್ಪಟ್ಟು, ಫೆಬ್ರವರಿ 28ರಂದು ನಡೆಯಿತು. ಕೆಲವರ ಅಕ್ರಮದಿಂದ ಪ್ರಾಮಾಣಿಕವಾಗಿ ಓದಿದ ಎಲ್ಲ ಅಭ್ಯರ್ಥಿಗಳೂ ತೊಂದರೆಗೀಡಾದರು. ನೇಮಕಾತಿ ಪರೀಕ್ಷೆಗಳಲ್ಲಿನ ಇಂತಹ ಕೃತ್ಯಗಳಿಗೆ ಕಠಿಣ ಶಿಕ್ಷೆ ವಿಧಿಸಲು ರಾಜ್ಯ ವಿಧಾನಮಂಡಲವು 2023ರಲ್ಲಿ ಪ್ರತ್ಯೇಕ ವಿಧೇಯಕಕ್ಕೆ ಅಂಗೀಕಾರ ನೀಡಿದೆ.

ಲಂಚ ಕೊಡುವುದೂ ಅಪರಾಧವೆಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು. ಬಲವಂತಕ್ಕೆ ಒಳಗಾಗಿ ಕೊಟ್ಟವರು ಏಳು ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದಲ್ಲಿ, 2018ರಲ್ಲಿ ತಿದ್ದುಪಡಿಯಾದ ಭ್ರಷ್ಟಾಚಾರ ನಿರ್ಮೂಲನ ಕಾಯಿದೆಯಡಿ ಅವರಿಗೆ ರಕ್ಷಣೆ ಇದೆ.

6. ಅಹವಾಲು ಪರಿಹಾರ

ಅ) ಮಾಹಿತಿ: ಮಾಹಿತಿ ಹಕ್ಕು ಕಾಯಿದೆ, 2005ರಡಿ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದೆ. ಉತ್ತರ ಬಾರದಿದ್ದಲ್ಲಿ ಅಥವಾ ತೃಪ್ತಿಯಾಗದಿದ್ದಲ್ಲಿ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.
ಆ) ಸೇವಾ ವಿವಾದ: ನೇಮಕಾತಿ ಅಥವಾ ಸೇವಾ ವಿಷಯದ ಅಂತಿಮ ಆದೇಶದಿಂದ ಬಾಧಿತರಾದವರು ಒಂದು ವರ್ಷದೊಳಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು.
ಇ) ಖಾಸಗಿ ಶಾಲೆಗಳು: ವಜಾ ಅಥವಾ ಹಿಂಬಡ್ತಿಗೆ ಒಳಗಾದ ನೌಕರರು ಕರ್ನಾಟಕ ಶಿಕ್ಷಣ ಕಾಯಿದೆ, 1983ರ 94ನೇ ಪ್ರಕರಣದಡಿ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಯ ಮೊರೆ ಹೋಗಬಹುದು.
ಈ) ಲಂಚದ ದೂರು: ಕರ್ನಾಟಕ ಲೋಕಾಯುಕ್ತ ಸಂಸ್ಥೆಗೆ ಸಲ್ಲಿಸಬಹುದು.

ಸೂಚನೆ: ವಿದ್ಯಾರ್ಹತೆ, ವಯೋಮಿತಿ, ಶುಲ್ಕ ಹಾಗೂ ಮೀಸಲಾತಿಯ ವಿವರಗಳಿಗೆ ಆಯಾ ನೇಮಕಾತಿ ಅಧಿಸೂಚನೆಯೇ ಅಧಿಕೃತವಾಗಿರುತ್ತದೆ. ಅಭ್ಯರ್ಥಿಗಳು ಅಧಿಸೂಚನೆಯನ್ನು ಸಂಪೂರ್ಣವಾಗಿ ಓದಿದ ನಂತರವೇ ಅರ್ಜಿ ಸಲ್ಲಿಸಿ, ಶುಲ್ಕ ಪಾವತಿಯ ರಸೀದಿ ಹಾಗೂ ಅರ್ಜಿಯ ಪ್ರತಿಯನ್ನು ನೇಮಕಾತಿ ಪ್ರಕ್ರಿಯೆ ಮುಗಿಯುವವರೆಗೆ ಕಾಯ್ದಿರಿಸಿಕೊಳ್ಳಲು ಕೋರಲಾಗಿದೆ.